ಕಿವ್ಯಾಗ ಹೇಳೂ ಹೆಸರು

ಮಾತಾಡುವವರು ಇಬ್ಬರು: ಚಿಕ್ಕೋಡಿಯಲ್ಲಿರುವ ನಿವೃತ್ತ ಕನ್ನಡ ಮಾಸ್ತರು, ಅಥಣಿಗೆ ಕೊಟ್ಟಿರುವ ಅವರ ಅಣ್ಣನ ಮಗಳು. ಅವಳ ತಮ್ಮನಿಗೆ ಪುಣೆಯಲ್ಲಿ ಹೆಣ್ಣುಕೂಸು ಹುಟ್ಟಿದೆ. ತೊಟ್ಟಿಲ ಕಾರ್ಯ ರಾಯಬಾಗದ ಹಳೇ ಮನೆಯಲ್ಲಿ.

ಮಗಳು: ಕಾಕಾ, ಬರೋ ರವಿವಾರ ಕೂಸಿನ್ನ ತೊಟ್ಟಿಲಿಗೆ ಹಾಕ್ತೀವ್ರಿ. ಕಿವ್ಯಾಗ ಹೆಸರು ಹೇಳಾಕಿ ಸೋದರತ್ತಿ, ಅಂದ್ರ ನಾನು. ತಮ್ಮ ಫೋನ್ ಹಚ್ಚಿ, ‘ಅಕ್ಕಾ, ಚಾರಿಸ್ ಅಂತ ಹೇಳು’ ಅಂದ. ಗ್ರೀಕ್ ಹೆಸರಂತ್ರಿ, ಕೃಪೆ ಅಂತ ಅರ್ಥಂತ. ಅವ್ವಗ ಸಿಟ್ಟು ಬಂದೈತಿ. ‘ನಮ್ಮತ್ತಿ ಹೆಸರು ಮಾಯಕ್ಕ. ಅದನ್ನ ಬಿಟ್ಟು ಇದು ಯಾರ ಹೆಸರು?’ ಅಂತ ಕೇಳ್ತಾಳ. ನೀವ ಹೇಳ್ರಿ, ಯಾರ ಹೆಸರದು?

ಕಾಕಾ: ಮೊದಲ ಅದನ್ನ ನೆಟ್ಟಗ ಅನ್ನೂನು. ಚಾರಿಸ್ ಅಲ್ಲವ್ವಾ, ಖರಿಸ್. ಇಂಗ್ಲಿಷಿನ್ಯಾಗ ಸಿ, ಎಚ್ ಹಚ್ಚಿ ಬರೀತಾರ, ಅದಕ್ಕ ಓದಾವರ ಬಾಯಾಗ ಚಾರಿಸ್ ಆಗೈತಿ. ಹಳೇ ಗ್ರೀಕರ ಆ ಅಕ್ಷರ ನಮ್ಮ ಮಹಾಪ್ರಾಣ ಖ ಇದ್ದಂಗ ಇತ್ತು. ಅದನ್ನ ಬರಿಯಾಕ ಇಂಗ್ಲಿಷಿಗೆ ಎರಡು ಅಕ್ಷರ ಬೇಕು, ನಮಗ ಒಂದ ಸಾಕು.

ಮಗಳು: ಕೃಪೆ ಅನ್ನೂ ಅರ್ಥ ಖರೇನ್ರಿ?

ಕಾಕಾ: ಖರೇ ಐತಿ, ಪೂರ್ತಿ ಅಲ್ಲ. ಗ್ರೀಕಿನ್ಯಾಗ ‘ಖೈರೋ’ ಅಂದ್ರ ‘ನನಗ ಸಂತೋಷ ಆಗೈತಿ’ ಅಂತ. ದಾರ್ಯಾಗ ಭೆಟ್ಟಿ ಆದವರು ‘ಖೈರೆ’ ಅಂತಿದ್ರು, ಸಂತೋಷದಿಂದಿರು ಅಂತ. ಆ ಬೇರಿನಿಂದ ಹುಟ್ಟಿದ್ದು ಖರಿಸ್. ನೋಡಿದವರ ಮನಸ್ಸು ಅರಳಿಸೂ ಚೆಲುವಿಗೂ ಖರಿಸ್ ಅಂತಾರ, ಬಾಯಿಬಿಟ್ಟು ಕೇಳೂಕಿಂತ ಮೊದಲ ಮಾಡಿದ ಉಪಕಾರಕ್ಕೂ ಖರಿಸ್ ಅಂತಾರ, ಆ ಉಪಕಾರ ಮರೀದ ಇರೂದಕ್ಕೂ ಖರಿಸ್ ಅಂತಾರ. ಕೊಡಾವನ ಕೈಯಾಗ ಇದ್ದಾಗ ಕೃಪೆ, ತಗೊಂಡವನ ಮನಸ್ಸಿನ್ಯಾಗ ಇದ್ದಾಗ ಉಪಕಾರ ಸ್ಮರಣೆ. ಇವತ್ತಿಗೂ ಗ್ರೀಸಿನ ಮಂದಿ ಧನ್ಯವಾದ ಹೇಳಾಕ ‘ಎಫ್ಖರಿಸ್ತೊ’ ಅಂತಾರ, ಅದರೊಳಗೂ ಇದ ಬೇರು ಐತಿ. ಮುಂದ ಕ್ರೈಸ್ತ ಧರ್ಮ ಬಂತು, ಸಂತ ಪೌಲನ ಪತ್ರಗಳೊಳಗ ಖರಿಸ್ ಅಂದ್ರ ದೇವರ ಅನುಗ್ರಹ ಅಂತ ಗಟ್ಟಿ ಆತು. ನಿನ್ನ ತಮ್ಮನ ಫೋನು ತೋರಿಸಿದ್ದು ಆ ಕಡೀ ಅರ್ಥ. ಮೊದಲಿನ ಅರ್ಥ ಸಂತೋಷ. ಸಂಸ್ಕೃತದಾಗ ‘ಹರ್ಯತಿ’ ಅಂತ ಕ್ರಿಯಾಪದ ಐತಿ, ಇಷ್ಟಪಡತಾನ ಅಂತ ಅರ್ಥ. ಅದಕ್ಕೂ ಇದಕ್ಕೂ ಬೇರು ಒಂದ ಅಂತ ಭಾಷಾಶಾಸ್ತ್ರದವರು ಹೇಳ್ತಾರ.

ಮಗಳು: ಚಾರಿಟಿ ಅಂತೀವಲ್ಲ, ದಾನಧರ್ಮ, ಅದೂ ಇದ ಮನೆತನದ್ದೇನ್ರಿ?

ಕಾಕಾ: ಅಲ್ಲ. ಬಾಳ ಮಂದಿ ಹಂಗ ತಿಳಕೊಂಡಾರ. ಅದು ಲ್ಯಾಟಿನ್ ‘ಕಾರಿತಾಸ್’ನಿಂದ ಬಂದದ್ದು, ಬೆಲೆಯುಳ್ಳದ್ದು, ಪ್ರೀತಿಪಾತ್ರವಾದದ್ದು ಅನ್ನೂ ‘ಕಾರುಸ್’ ಅದರ ಮೂಲ. ಎರಡೂ ಕೇಳಾಕ ಒಂದ ತೆರ, ಮನೆತನ ಬ್ಯಾರೆ.

ಮಗಳು: ದೇವರ ಹೆಸರು ಆಗಿತ್ತೇನ್ರಿ ಇದು? ಅವ್ವಗ ಹೇಳಾಕ ಅನುಕೂಲ ಆಗತೈತಿ.

ಕಾಕಾ: ಆಗಿತ್ತು. ಹೆಸಿಯಡ್ ಅನ್ನೂ ಕವಿ ಮೂವರು ಅಕ್ಕತಂಗಿಯರ ಹೆಸರು ಹೇಳ್ತಾನ: ಅಗ್ಲೈಯಾ, ಯೂಫ್ರೊಸಿನಿ, ಥಲಿಯಾ. ಬೆಳಕು, ಹರ್ಷ, ಸಮೃದ್ಧಿ. ಮೂವರನ್ನೂ ಕೂಡಿಸಿ ‘ಖರಿತೆಸ್’ ಅಂತಿದ್ರು. ಹೋಮರನ ಇಲಿಯಡ್ ಕಾವ್ಯದಾಗ ಕಮ್ಮಾರ ದೇವರು ಹಿಫೈಸ್ಟಸನ ಹೆಂಡತಿ ಹೆಸರ ಖರಿಸ್. ಅಕಿಲೀಸನ ತಾಯಿ ಥೆಟಿಸ್ ಮಗನಿಗೆ ಹೊಸಾ ಕವಚ ಮಾಡಿಸಾಕ ಅವರ ಮನಿಗೆ ಬರ್ತಾಳ. ಹೊರಗ ಬಂದು, ಕೈ ಹಿಡಿದು, ಬಾಳ ದಿನಕ್ಕ ಬಂದಿ ಅಂತ ಒಳಗ ಕರಕೊಂಡು ಹೋಗಿ ಕುಂದ್ರಿಸಾಕಿ ಈ ಖರಿಸ್. ಒಳಗ ಕುಲುಮಿ ಉರೀತಿರತೈತಿ, ಗಂಡನ ಮೈತುಂಬ ಬೆವರು ಮಸಿ. ಅಂಥಾ ಮನಿಯ ಹೊಸ್ತಿಲದಾಗ ನಿಂತು ಬಂದವರನ್ನ ಬಾ ಅನ್ನಾಕಿಗೆ ಆ ಹೆಸರು. ನನಗ ಅದು ಬಾಳ ಸೇರತೈತಿ. ಇನ್ನೊಂದು ಮಾತು ತಮ್ಮನ ಕಿವಿಗೆ ಹಾಕು: ಈಗಿನ ಗ್ರೀಸಿನ್ಯಾಗ ‘ಹಾರಿಸ್’ ಅಂದ್ರ ಹೆಚ್ಚಾಗಿ ಗಂಡಸರ ಹೆಸರು, ದೊಡ್ಡ ಹೆಸರುಗಳನ್ನ ಮೊಟಕ ಮಾಡಿದ್ದು. ಹಂಗಂತ ಹೆಣ್ಣಮಕ್ಕಳಿಗೆ ಇಲ್ಲಂತಲ್ಲ. ಅಲ್ಲಿನ ಹೆಸರಾದ ಹಾಡುಗಾರ್ತಿ ಹಾರಿಸ್ ಅಲೆಕ್ಸಿಯು ಅದಾಳ.

ಮಗಳು: ನಮ್ಮ ಕಡೆ ಯಾವ ಹೆಸರಿಗೂ ಅವ್ವ ಅಕ್ಕ ಹಚ್ಚದಿದ್ರ ಬಾಯಿಗೆ ಬರೂದಿಲ್ಲ. ಅವ್ವ ಅಂತೂ ಖರಿಸವ್ವ ಅಂತ ಕರಿಯಾಕಿ.

ಕಾಕಾ: ಕರೀಲಿ. ಹಚ್ಚೂದು ನಮ್ಮ ಭಾಗದ ಮರ್ಯಾದಿ. ನಿಪ್ಪಾಣಿ ಪ್ಯಾಟ್ಯಾಗ ಅಕ್ಕಾತಾಯಿ, ಕಾಗವಾಡದಾಗ ಕೃಷ್ಣಾಬಾಯಿ, ಅಥಣ್ಯಾಗ ನೀಲವ್ವ ಬಸವ್ವ. ಕನ್ನಡದ ಅಕ್ಕ, ಮರಾಠಿ ತಾಯಿ, ಎರಡನ್ನೂ ಒಂದ ಹೆಸರಿನ್ಯಾಗ ಕೂಡಿಸಿ ಕರಿಯೂ ಮಂದಿ ನಾವು. ಜೈನರ ಮನಿಯೊಳಗ ಪದ್ಮಾವತಿ, ಶ್ರೀಮಂತಿ. ಸದಲಗಾದಾಗ 1946ರಾಗ ಹುಟ್ಟಿದ ಆಚಾರ್ಯ ವಿದ್ಯಾಸಾಗರರ ತಾಯಿ ಹೆಸರು ಶ್ರೀಮಂತಿ. ಗ್ರೀಕರೂ ಹಂಗ ಹಚ್ತಿದ್ರು. ಮುದ್ದಿಗೆ, ಸಲಿಗಿಗೆ ಅವರು ಹಚ್ಚೂದು ‘ಇಯೊನ್’. ಖರಿಸ್ ಅನ್ನೂದಕ್ಕ ಅದನ್ನ ಹಚ್ಚಿದ್ರ ಖರಿತಿಯೊನ್. ಈಗ ನೀ ಕುರ್ಚಿ ಮುಂದ ಎಳಕೋ. ನಿಮ್ಮವ್ವ ಕೇಳಿದ್ದಕ್ಕ ನನ್ನ ಉತ್ತರ ಇಲ್ಲಿಂದ ಸುರು. ಖರಿತಿಯೊನ್ ಅನ್ನೂ ಹುಡುಗಿ ನಮ್ಮ ಕನ್ನಡದ ವಿದ್ವಾಂಸರಿಗೆ ನೂರು ವರ್ಷದ ಪರಿಚಯ. ಇಂಗ್ಲಿಷ್ ಓದಿಗೆ ಅವರು ಅಕಿನ್ನ ‘ಚಾರಿಷನ್’ ಅಂದ್ರು.

ಮಗಳು: ಯಾರ್ರಿ ಅಕಿ?

ಕಾಕಾ: ಒಂದು ನಾಟಕದ ನಾಯಕಿ. ಈಜಿಪ್ತದಾಗ, ಕೈರೋದ ದಕ್ಷಿಣಕ್ಕ ಆಕ್ಸಿರಿಂಕಸ್ ಅಂತ ಹಳೇ ಊರು. ಗ್ರೆನ್‌ಫೆಲ್, ಹಂಟ್ ಅನ್ನೂ ಇಬ್ಬರು ಇಂಗ್ಲಿಷ್ ವಿದ್ವಾಂಸರು 1896ರ ಕಡೀಕ ಅಲ್ಲಿನ ಕಸದ ದಿಬ್ಬ ಅಗಸಾಕ ಹತ್ತಿದ್ರು. ಮಳಿ ಇಲ್ಲದ ನಾಡು, ಅದಕ್ಕ ಎರಡು ಸಾವಿರ ವರ್ಷದ ಪಪೈರಸ್ ಹಾಳೆ ಕೊಳೀದ ಉಳಿದಿದ್ವು. ಲೆಕ್ಕಪತ್ರ, ಕಾಗದ, ಕಾವ್ಯ, ಎಲ್ಲಾ ಅದರಾಗ. 1903ರಾಗ ಅವರು ಛಾಪಿಸಿದ ಮೂರನೇ ಸಂಪುಟದಾಗ 413ನೇ ಪಪೈರಸ್ ಬಂತು. ಅದು ಕ್ರಿ.ಶ. 2ನೇ ಶತಮಾನದ್ದು, ಒಂದು ಪ್ರಹಸನ. ಪಾತ್ರಗಳ ಮುಂದ ಹೆಸರಿನ ಬದಲಿ ಗ್ರೀಕ್ ಅಕ್ಷರ ಹಾಕ್ಯಾರ. ನಾಯಕಿಗೆ ಮೊದಲ ಅಕ್ಷರ ಆಲ್ಫಾ. ಎಲ್ಲಿ ಡೋಲು ಬಾರಿಸಬೇಕು, ಎಲ್ಲಿ ತಾಳ ತಟ್ಟಬೇಕು ಅನ್ನೂ ಗುರುತೂ ಅದರಾಗ ಅದಾವ. ಆಟ ಆಡಸಾಕ ಬಳಸಿದ ಪ್ರತಿ ಅದು, ಕಪಾಟಿನ್ಯಾಗ ಇಡಾಕ ಬರೆದದ್ದಲ್ಲ.

ಮಗಳು: ಕತಿ ಏನ್ರಿ?

ಕಾಕಾ: ಖರಿತಿಯೊನ್ ಗ್ರೀಕ್ ಹುಡುಗಿ. ಹೆಂಗೋ ಏನೋ ಭಾರತದ ಕಡಲ ದಂಡಿಯ ಒಬ್ಬ ರಾಜನ ಕೈಗೆ ಸಿಕ್ಕಾಳ. ಅಲ್ಲಿನ ಚಂದ್ರದೇವತೆಯ ಗುಡ್ಯಾಗ ಸೇವಕಿ ಆಗಿ ಇರ್ತಾಳ. ಗ್ರೀಕರಿಗೆ ಚಂದ್ರ ಹೆಣ್ಣುದೇವತೆ, ಸೆಲೆನೆ. ಅಕಿನ್ನ ಬಿಡಿಸಿಕೊಂಡು ಹೋಗಾಕ ಅಣ್ಣ ಹಡಗು ತಗೊಂಡು ಬರ್ತಾನ, ಜೋಡಿ ಒಬ್ಬ ವಿದೂಷಕ. ಊರಿನ ಹೆಣ್ಣಮಕ್ಕಳು ದೊಡ್ಡ ದೊಡ್ಡ ಬಿಲ್ಲು ಹಿಡಕೊಂಡು ಬ್ಯಾಟಿ ಮುಗಿಸಿ ಬರ್ತಾರ, ವಿದೂಷಕ ಹೆದರಿ ಸಾಯ್ತಾನ. ಅವನ ಹತ್ಯಾರ ಅಂದ್ರ ಹೂಸು. ಬಯಲಾಟದ ಸಾರಥಿ ಮಂದಿಯನ್ನ ನಗಸಿದಂಗ ಅವನೂ ನಗಸ್ತಾನ. ಕಡೀಕ ರಾಜನಿಗೂ ಅವನ ಮಂದಿಗೂ ನೀರು ಬೆರಸದ ದ್ರಾಕ್ಷಿ ಮದ್ಯ ಕುಡಿಸ್ತಾರ. ಗ್ರೀಕರು ತಾವು ನೀರು ಬೆರಸಿ ಕುಡಿಯಾವರು, ಬೆರಸದ ಮದ್ಯದ ಕಸುವು ಅವರಿಗೆ ಗೊತ್ತಿತ್ತು. ಅಮಲೇರಿದ ರಾಜ ಕುಣೀತಾನ. ಅವನ್ನ ಗುಡಿಯ ಪವಿತ್ರ ನಡುಪಟ್ಟಿಗಳಿಂದ ಕಟ್ಟಿಹಾಕಿ ಇವರು ಹಡಗು ಹತ್ತತಾರ. ಯೂರಿಪಿಡಿಸ್ ಬರೆದ ಇಫಿಜೀನಿಯಾ ನಾಟಕದ ಹಾಸ್ಯದ ರೂಪ ಇದು. ಅಲ್ಲಿಯೂ ಪರನಾಡಿನ ಗುಡ್ಯಾಗ ಸಿಕ್ಕ ಅಕ್ಕ, ಅಕಿನ್ನ ಕರಕೊಂಡು ಪಾರಾಗೂ ತಮ್ಮ.

ಮಗಳು: ಇಷ್ಟರಾಗ ಹುಡುಗಿ ಎಲ್ಲಿ ಬಂದ್ಲ್ರಿ? ಎಲ್ಲಾ ಗಂಡಸರ ಗದ್ದಲ.

ಕಾಕಾ: ಅದನ್ನ ಹೇಳಾಕ ನಿನ್ನ ಕುಂದ್ರಿಸೀನಿ. ಓಡಿಹೋಗೂ ಗಳಿಗಿ. ವಿದೂಷಕ ಬಂದು, ‘ಖರಿತಿಯೊನ್ ಅಮ್ಮಾರ, ದೇವಿಗೆ ಹರಕೆ ಬಂದ ಒಡವಿ ಇಷ್ಟು ಬಿದ್ದಾವ, ಒಂದೀಟು ಎತ್ತಿಕೊಳ್ಳೂನೇನು’ ಅನ್ನೂ ಅರ್ಥದಾಗ ಕೇಳ್ತಾನ. ಅಕಿ ಬಾಯಿ ಮುಚ್ಚಸ್ತಾಳ. ಕಾಪಾಡು ಅಂತ ದೇವರನ್ನ ಬೇಡಾವರು ಅದ ದೇವರ ಸೊತ್ತಿಗೆ ಕೈ ಹಚ್ಚಬಾರದು. ಪಾಪ ಮಾಡಿಕೊಂತ ಕರುಣಾ ಬೇಡಿದ್ರ ಯಾವ ದೇವರು ಕೇಳ್ಯಾನು ಅಂತಾಳ. ವಿಚಾರ ಮಾಡವ್ವಾ. ತನ್ನ ಮನಸ್ಸಿಲ್ಲದ ತನ್ನನ್ನ ಸೆರಿ ಇಟ್ಟ ಊರು ಅದು, ಆ ದೇವಿ ಅಕಿ ಕುಲದೇವಿ ಅಲ್ಲ. ಹಡಗು ಸಜ್ಜಾಗಿ ನಿಂತೈತಿ, ನೋಡಾವರು ಯಾರೂ ಇಲ್ಲ. ಆದ್ರೂ ಬ್ಯಾಡ ಅಂದ್ಲು. ಹೋಗೂವಾಗ ಅದ ದೇವಿಗೆ, ‘ನಿನ್ನ ಸೇವಕಿನ್ನ ಕಾಪಾಡು’ ಅಂತ ಬೇಡಿಕೊಂಡು ಹ್ವಾದ್ಲು. ನಗಸಾಕ ಬರೆದ ಆಟದಾಗ ಆ ಅನಾಮಿಕ ಕವಿ ಈ ನಾಕು ಮಾತಿಗೆ ಮಾತ್ರ ಯಾರೂ ನಗದಂಗ ಬರೆದಾನ. ತಗೊಂಡ ಉಪಕಾರ ಮರೀಬಾರದು ಅನ್ನೂದು ಖರಿಸ್ ಅನ್ನೂ ಮಾತಿನ ಒಳಗ ಐತಿ ಅಂದ್ನೆಲ್ಲ, ಆ ಹೆಸರಿನಾಕಿ ಹಂಗ ನಡಕೊಂಡ್ಲು.

ಮಗಳು: ಗುಡಿ ಸೇವಕಿ ಅಂದ್ರಲ್ಲ ಕಾಕಾ, ಅದ ನನಗ ಚುಚ್ಚಾಕತ್ತೈತಿ. ಅಥಣಿ ತಾಲೂಕಿನ ಕೊಕಟನೂರಾಗ ಯಲ್ಲಮ್ಮನ ಜಾತ್ರಿ ಆಗತೈತಿ. ಮುತ್ತು ಕಟ್ಟಿಸಿಕೊಂಡ ಮುದುಕ್ಯಾರನ್ನ ನಾ ಕಣ್ಣಾರೆ ನೋಡೀನಿ. ಅವರಿಗೆಲ್ಲಾ ದೇವಿ ಹೆಸರ ಇರತೈತಿ, ಯಲ್ಲವ್ವ, ರೇಣವ್ವ. ಅವರನ್ನ ಬಿಡಸಾಕ ಯಾವ ಅಣ್ಣ ಹಡಗು ತಂದಿದ್ದ?

ಕಾಕಾ: ಯಾವ ಅಣ್ಣನೂ ತರಲಿಲ್ಲ. ಅಣ್ಣ ಅಪ್ಪ ಕೂಡಿನ ಕಟ್ಟಿಸಿದ್ರು. ಮನ್ಯಾಗ ಗಂಡುಮಕ್ಕಳಿಲ್ಲಂತ, ಕೂಸಿನ ತಲ್ಯಾಗ ಜಡಿ ಬಂತಂತ, ಬಡತನಕ್ಕ, ಹಿಂಗ ನೂರು ನೆಪ. 1982ರಾಗ ನಮ್ಮ ರಾಜ್ಯ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಮಾಡಿತು. ಆಮ್ಯಾಲ ಹೋರಾಟ ಮಾಡಿದವರೊಳಗ ಆ ತಾಯಂದಿರ ಮುಂದ ಇದ್ರು. ಅವರ ಮಕ್ಕಳು ಸಾಲಿಗೆ ಹೆಸರು ಹಚ್ಚಾಕ ಬಂದಾಗ ತಂದಿ ಹೆಸರು ಅನ್ನೂ ಸಾಲು ಖಾಲಿ ಬಿಡಬೇಕಾಗತಿತ್ತು, ನಾನು ಮಾಸ್ತರಿಕಿ ಮಾಡಿದ ಸಾಲ್ಯಾಗ ಅದನ್ನ ನೋಡೀನಿ. ಆ ಹುಡುಗರು ತಾಯಿ ಹೆಸರನ್ನ ಗಟ್ಟಿ ದನಿಯಿಂದ ಹೇಳ್ತಿದ್ರು. ಖರಿತಿಯೊನ್ ಕತಿ ಈಜಿಪ್ತದ ಮಂದಿಗೆ ನಗಿ ಆಗಿದ್ದೀತು. ಕೊಕಟನೂರು ನೋಡಿದ ನಿನಗ, ನನಗ ಅದು ಬರೇ ನಗಿ ಅಲ್ಲ.

ಮಗಳು: ನಮ್ಮ ಕನ್ನಡದ ವಿದ್ವಾಂಸರು ಈ ನಾಟಕಕ್ಕ ಯಾಕ ಬಿದ್ರು?

ಕಾಕಾ: ರಾಜ ಮತ್ತ ಅವನ ಮಂದಿ ಗ್ರೀಕ್ ಬಿಟ್ಟು ತಮ್ಮ ಮಾತಿನ್ಯಾಗ ಏನೇನೋ ಆಡ್ತಾರ. ಅದನ್ನ ಗ್ರೀಕ್ ಅಕ್ಷರದಾಗ ಬರೆದಾರ. ಅಶೋಕನ ಶಾಸನಗಳನ್ನ ಸಂಪಾದಿಸಿದ ಹುಲ್ಟ್ಶ್ ಅನ್ನೂ ಜರ್ಮನ್ ಪಂಡಿತ 1904ರಾಗ, ಇದು ಕನ್ನಡ ಅಂದ. ಮದ್ಯ ಬಟ್ಟಲಿಗೆ ಹಾಕೂ ಸಂದರ್ಭ ಅದು. ಅವನಿಗೆ ‘ಬೇರೆ’, ‘ಕೊಂಚ’, ‘ಮಧು’, ‘ಪಾತ್ರಕ್ಕೆ ಹಾಕಿ’ ಅನ್ನೂ ಮಾತು ಕೇಳಿಸಿದ್ವು. ಅರ್ಥಶಾಸ್ತ್ರದ ಹಸ್ತಪ್ರತಿ ಬೆಳಕಿಗೆ ತಂದ ಮೈಸೂರಿನ ಶಾಮಾಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಇದರ ಬೆನ್ನು ಹತ್ತಿದ್ರು. ಗಡಿಯಾಚೆ ಕಾಸರಗೋಡಿನ ನೆಲದಾಗ ಕೂತು ಪೈಗಳು ಗ್ರೀಕ್ ಕಡಲಿನ ಕಡೆ ನೋಡ್ತಿದ್ರು ಅನ್ನೂದು ನಮ್ಮಂಥಾ ಗಡಿಯಾವರಿಗೆ ಅಭಿಮಾನದ ಮಾತು. 1926ರಾಗ ಬಾರ್ನೆಟ್ ಅನ್ನೂ ಇಂಗ್ಲಿಷ್ ವಿದ್ವಾಂಸ, ಇದು ಕನ್ನಡ ಅಲ್ಲ ಅಂತ ಲೇಖನ ಬರೆದ. 1980ರ ದಶಕದಾಗ ಕರಾವಳಿಯವರು, ಇದು ತುಳು ಅಂದ್ರು.

ಮಗಳು: ನಿಮಗ ಏನ ಅನಸ್ತೈತ್ರಿ?

ಕಾಕಾ: ಹುಲ್ಟ್ಶ್ ಓದಿದ್ದು ಹೊಸಗನ್ನಡಕ್ಕ ಬಾಳ ಸಮೀಪ ಐತಿ, ನನಗ ತೊಡಕು ಅದ. ‘ಹಾಕಿ’ ಅನ್ನೂದನ್ನ ನೋಡು. ನಮ್ಮ ಹಕಾರ ಮೊದಲ ಪಕಾರ ಇತ್ತು. ಪಾಲು ಹಾಲಾಗಿದ್ದು, ಪೂ ಹೂವಾಗಿದ್ದು ಹಲ್ಮಿಡಿ ಶಾಸನ ಆಗಿ ನಾಕೈದು ನೂರು ವರ್ಷದ ಮ್ಯಾಲ. ಹಲ್ಮಿಡಿ ಕ್ರಿ.ಶ. 450ರ ಸುಮಾರಿಂದು. ಅದಕ್ಕೂ ಮುನ್ನೂರು ವರ್ಷ ಹಿಂದಿನ ಪಪೈರಸಿನ್ಯಾಗ ‘ಹಾಕಿ’ ಹೆಂಗ ಬಂದೀತು? ಹಂಗಂತ ಆ ಕಾಲದಾಗ ಕನ್ನಡ ಇರಲಿಲ್ಲ ಅಂತ ಅಲ್ಲ. 2ನೇ ಶತಮಾನದ ಟಾಲೆಮಿ ಬರೆದ ಭೂಗೋಳದಾಗ ಬದಾಮಿ ಹೆಸರು ಐತಿ. ನಮ್ಮ ನಾಡಿನ ಹಿರೇತನಕ್ಕ ಖರಿತಿಯೊನ್ ಸಾಕ್ಷಿ ಹೇಳಲೇಬೇಕು ಅಂತೇನಿಲ್ಲ. ವಿದ್ವಾಂಸರು ಭಾಷೆ ಹುಡುಕಿದ್ರು, ಹುಡುಕೂದು ಅವರ ಕೆಲಸ. ಆ ಗದ್ದಲದಾಗ ಒಡವಿ ಬ್ಯಾಡ ಅಂದಾಕಿನ್ನ ಬಾಳ ಮಂದಿ ಮರತ್ರು.

ಮಗಳು: ಅಂದ್ರ ಗ್ರೀಕ್ ಹೆಣ್ಣಮಕ್ಕಳು ಖರೇನ ಈ ಕ‌ಡೆ ಬಂದಿದ್ರೇನ್ರಿ, ಇಲ್ಲಾ ಎಲ್ಲಾ ನಾಟಕ ಅಷ್ಟನ?

ಕಾಕಾ: ಸರಕು ಬಂದದ್ದಕ್ಕ ನಮ್ಮ ಮಗ್ಗಲಾಗ ಸಾಕ್ಷಿ ಐತಿ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದ್ರ ತಾಸಿನೊಳಗ ಕೊಲ್ಲಾಪುರ. ಪಂಚಗಂಗಾ ದಂಡಿಯ ಬ್ರಹ್ಮಪುರಿ ದಿಬ್ಬದಾಗ 1940ರ ದಶಕದಾಗ ಅಗದಾಗ ಗ್ರೀಕರ ಕಡಲ ದೇವರು ಪೊಸೈಡನ್‌ನ ಸಣ್ಣ ಕಂಚಿನ ಮೂರ್ತಿ ಸಿಕ್ಕಿತು. ಅಲ್ಲಿನ ಟೌನ್ ಹಾಲ್ ವಸ್ತುಸಂಗ್ರಹಾಲಯದ ಸೊತ್ತು ಅದು. ಮಕ್ಕಳನ್ನ ಕರಕೊಂಡು ಮಹಾಲಕ್ಷ್ಮಿ ದರ್ಶನಕ್ಕ ಹೋಗ್ತೀರಲ್ಲ, ಅದನ್ನೂ ತೋರಿಸ್ಕೊಂಡು ಬರ್ರಿ. ಇನ್ನ ಹೆಣ್ಣಮಕ್ಕಳ ಮಾತು. ಕ್ರಿ.ಶ. 1ನೇ ಶತಮಾನದಾಗ ಒಬ್ಬ ಗ್ರೀಕ್ ವ್ಯಾಪಾರಸ್ಥ ಪೆರಿಪ್ಲಸ್ ಅಂತ ಹಡಗಿನವರ ಕೈಪಿಡಿ ಬರೆದಾನ. ಬರಿಗಾಜಾ ಅಂದ್ರ ಈಗಿನ ಭರೂಚ ಬಂದರು. ಅಲ್ಲಿನ ರಾಜನಿಗೆ ಅಂತ ತರೂ ಸಾಮಾನಿನ ಯಾದಿ ಅದರಾಗ ಐತಿ: ಬೆಲೆಬಾಳೂ ಬೆಳ್ಳಿ ಪಾತ್ರೆ, ಹಾಡೂ ಹುಡುಗರು, ಅಂತಃಪುರಕ್ಕ ಚೆಲುವಿ ಹುಡುಗಿಯರು, ಉತ್ತಮ ಮದ್ಯ, ತೆಳು ಅರಿಬಿ, ಸುಗಂಧದೆಣ್ಣಿ. ಪಾತ್ರೆಗೂ ಮದ್ಯಕ್ಕೂ ನಡುವ ಹುಡುಗಿಯರು. ಅವರೊಳಗ ಒಬ್ಬಾಕಿ ಹೆಸರೂ ಇಲ್ಲ. ಅವರವ್ವ ಅವರನ್ನ ಏನಂತ ಕರೀತಿದ್ಲು, ಯಾರಿಗೆ ಬೇಕಾಗಿತ್ತು?

ಮಗಳು: ಟಿವಿ ಸೀರಿಯಲ್ಲಿನ್ಯಾಗ ಚಂದ್ರಗುಪ್ತನ ಗ್ರೀಕ್ ರಾಣಿ ಹೆಲೆನಾ ಅಂತ ತೋರಿಸ್ತಾರಲ್ರಿ?

ಕಾಕಾ: ಸೆಲ್ಯೂಕಸ್ ಮತ್ತ ಚಂದ್ರಗುಪ್ತನ ನಡುವ ಕ್ರಿ.ಪೂ. 303ರ ಸುಮಾರಿಗೆ ಒಪ್ಪಂದ ಆತು, ಅದರಾಗ ಮದುವಿ ಸಂಬಂಧದ ಮಾತು ಇತ್ತು. ಕೊಟ್ಟ ಆನೆ 500 ಅಂತ ಗ್ರೀಕ್ ಲೇಖಕರು ಲೆಕ್ಕ ಇಟ್ಟಾರ. ಹುಡುಗಿ ಹೆಸರು ಒಬ್ಬರೂ ಬರೀಲಿಲ್ಲ. ಹೆಲೆನಾ ಅನ್ನೂದು ಈಚಿನ ನಾಟಕ, ಕಾದಂಬರಿಯವರು ಇಟ್ಟದ್ದು. ಇಷ್ಟು ಕೇಳಿದ ಮ್ಯಾಲ ನಿನಗ ಗೊತ್ತಾಗಿರಬೇಕು, ನಾ ಖರಿತಿಯೊನ್ ಅನ್ನೂ ಹೆಸರನ್ನ ಯಾಕ ಇಷ್ಟು ಹಚ್ಚಿಕೊಂಡೀನಿ ಅಂತ. ನಮ್ಮ ದಂಡಿಗೆ ಬಂದಿಳಿದ ಅಷ್ಟು ಗ್ರೀಕ್ ಹುಡುಗಿಯರ ಪೈಕಿ ನಾವು ಹೆಸರು ಹಿಡಿದು ಕರಿಯಾಕ ಬರೂದು ಅಕಿ ಒಬ್ಬಾಕಿನ್ನ, ಅದೂ ಯಾವನೋ ಕವಿ ಕಟ್ಟಿದ ಹುಡುಗಿ.

ಮಗಳು: ಅವ್ವ ಇನ್ನೊಂದು ತಕರಾರು ತಗೀತಾಳ, ‘ಪರದೇಶದ ಹೆಸರು ನಮ್ಮ ನೆಲಕ್ಕ ಒಗ್ಗೂದಿಲ್ಲ’ ಅಂತ.

ಕಾಕಾ: ಒಗ್ಗಿಸಿಕೊಂಡೀವಿ. ಮೈಸೂರಿಗೆ ಹೋದವರೆಲ್ಲಾ ಸಂತ ಫಿಲೋಮಿನಾ ಚರ್ಚ್ ನೋಡಿ ಬರ್ತಾರ. 1933ರಾಗ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕ ಅಡಿಗಲ್ಲು ಹಾಕಿದ್ರು. ಫಿಲೋಮಿನಾ ಗ್ರೀಕ್ ಮೂಲದ ಹೆಸರು, ಪ್ರೀತಿಪಾತ್ರಳು ಅಂತ. ಆ ಹೆಸರು ಹೊರಬಂದ ಕತಿ ಬಾಳ ಸೋಜಿಗದ್ದು. 1802ರಾಗ ರೋಮ್‌ನ್ಯಾಗ ನೆಲಮಾಳಿಗಿಯ ಒಂದು ಸಮಾಧಿ ಸಿಕ್ಕಿತು. ಬಾಯಿಗೆ ಮೂರು ಹಂಚು ಮುಚ್ಚಿತ್ತು, ಅದರ ಮ್ಯಾಲ ಅಕ್ಷರ. ಇದ್ದ ಕ್ರಮದಾಗ ಓದಿದ್ರ ಮೊದಲ ಹಂಚು ‘ಲುಮೆನಾ’, ಕಡೀ ಹಂಚು ‘ಕುಮ್ ಫಿ’, ಅರ್ಥ ಹೊಂದವಲ್ದು. ಮೊದಲ ಹಂಚನ್ನ ಕಡೀಕ ಇಟ್ಟು ಓದಿದ್ರು: ‘ಪಾಕ್ಸ್ ತೆಕುಮ್ ಫಿಲುಮೆನಾ’, ಫಿಲುಮೆನಾ ನಿನಗ ಶಾಂತಿ ಇರಲಿ. ಆ ಹೆಸರು ಒಂದರ ಮ್ಯಾಲ ಜಗತ್ತಿನ ತುಂಬ ಭಕ್ತಿ ಬೆಳೀತು. ಅಕಿ ಚರಿತ್ರಿಗೆ ಆಧಾರ ಸಾಲದು ಅಂತ 1961ರಾಗ ವ್ಯಾಟಿಕನ್ ಅಕಿ ಹಬ್ಬವನ್ನ ಪಂಚಾಂಗದಿಂದ ತಗದ್ರೂ, ಮೈಸೂರಿನವರು ಹೆಸರು ಬಿಡಲಿಲ್ಲ. ಬಿಡಬೇಕಾಗಿಯೂ ಇಲ್ಲ. ಕರ್ನಾಟಕದಾಗ ಎಷ್ಟೋ ಮನಿಯೊಳಗ ಫಿಲೋಮಿನಾ ಅಂತ ಅಜ್ಜಿಯರು ಅದಾರ, ಅವರ ಹೆಸರು ಕನ್ನಡದ್ದ.

ಮಗಳು: ಮಾಯಕ್ಕ ಅನ್ನೂದನ್ನ ಹಂಗಂತ ಬಿಟ್ಟುಬಿಡೂನೇನ್ರಿ? ನನಗ ಮನಸ್ಸು ಬರವಲ್ದು.

ಕಾಕಾ: ಬಿಡು ಅಂತ ನಾ ಎಲ್ಲಿ ಅಂದೆ? ಅದು ನಮ್ಮವ್ವನ ಹೆಸರು. ಚಿಂಚಲಿ ಮಾಯಕ್ಕ ಅಂದ್ರ ಬರೇ ರಾಯಬಾಗ ತಾಲೂಕಿನ ದೇವಿ ಅಲ್ಲ. ಮಾಘ ತಿಂಗಳ ಹುಣ್ಣಿವಿ ಜಾತ್ರಿಗೆ ಸಾಂಗಲಿ, ಕೊಲ್ಲಾಪುರ, ಸೊಲ್ಲಾಪುರದ ಕಡೆಯಿಂದ ಚಕ್ಕಡಿ ಕಟಗೊಂಡು ಬರ್ತಾರ. ಮರಾಠಿ ಮಂದಿ ಮಾಯಾಕ್ಕಾ ಅಂತಾರ, ನಾವು ಮಾಯಕ್ಕ ಅಂತೀವಿ, ಭಂಡಾರ ಒಂದ. ಆ ಹೆಸರು ಹೊತ್ತಾಕಿ ನಮ್ಮವ್ವ, ಕೃಷ್ಣಾ ಹೊಳಿ ತುಂಬಿ ಬಂದ ವರ್ಷ ಮನಿ ಮಂದಿಗೆಲ್ಲಾ ಉಣಿಸಿ ತಾ ಕಡೀಕ ಉಂಡಾಕಿ. ಕಿವ್ಯಾಗ ಒಂದ ಹೆಸರು ಹೇಳಬೇಕಂತ ನಮ್ಮಲ್ಲಿ ಕಟ್ಟಳಿ ಇಲ್ಲ. ನಕ್ಷತ್ರದ್ದು ಒಂದು, ದೇವರದ್ದು ಒಂದು, ಕರಿಯಾಕ ಒಂದು. ಐದು ಮಂದಿ ಮುತ್ತೈದಿಯರು ಬೆನ್ನಿಗೆ ಗುದ್ದೂವಾಗ ನೀ ಮೊದಲ ಮಾಯಕ್ಕ ಅನ್ನು, ಆಮ್ಯಾಲ ಖರಿಸ್ ಅನ್ನು. ಗುಗ್ಗರಿ ಹಂಚೂ ಹೊತ್ತಿನ್ಯಾಗ ನಿಮ್ಮವ್ವನ ಸಿಟ್ಟು ಇಳದಿರತೈತಿ.

ಮಗಳು: ಹಂಗಾರ ಹೆಸರಿನ್ಯಾಗ ಏನೈತಿ ಅಂತ ಮಂದಿ ಅನ್ನೂದು...

ಕಾಕಾ: ಬಾಳ ಐತಿ. ನಮ್ಮ ಆಚೆ ಸಾತಾರಾ ಜಿಲ್ಲೆಯೊಳಗ ಮತ್ತ ಹೆಣ್ಣು ಹುಟ್ಟಿತಂತ ‘ನಕೂಸಾ’ ಅಂತ ಹೆಸರಿಡತಿದ್ರು. ನಕೋ ಅಂದ್ರ ಬ್ಯಾಡ. 2011ರಾಗ ಜಿಲ್ಲಾ ಆಡಳಿತ ಮುಂದ ನಿಂತು ಆ ಹೆಸರಿನ ನೂರಾರು ಹುಡುಗಿಯರಿಗೆ ಒಂದ ಸಮಾರಂಭದಾಗ ಅವರು ಆರಿಸಿದ ಹೊಸಾ ಹೆಸರು ಇಟ್ಟಿತು. ನಮ್ಮಲ್ಲಿ ಸಾಕವ್ವ ಅಂತ ಇಟ್ಟ ಮನಿ ಅದಾವ. ಸಾಕಿ ಸಲಹಿದಾಕಿ ಅಂತ ಇಟ್ಟಿದ್ರ ಒಂದು ಮಾತು, ಇನ್ನ ಸಾಕು ಅಂತ ಇಟ್ಟಿದ್ರ ಅದು ಕೂಸಿನ ಹಣಿಮ್ಯಾಲ ಬರೆದ ಬೈಗುಳ. ಬೇಡಾಗಿದ್ದಿ ಅಂತ ದಿನಾ ಹತ್ತು ಸಲ ಕೇಳಿಕೊಂತ ಬೆಳಿಯೂ ಹುಡುಗಿನ್ನೂ, ನಿನ್ನಿಂದ ಸಂತೋಷ ಆಗೈತಿ ಅಂತ ಕೇಳಿಕೊಂತ ಬೆಳಿಯೂ ಹುಡುಗಿನ್ನೂ ಸಾಲ್ಯಾಗ ಮೊದಲನೇ ಬೆಂಚಿಗೆ ಕುಂದ್ರಿಸಿ ನೋಡು. ನಾ ನೋಡೀನಿ.

ಮಗಳು: ಕಾಕಾ, ನಂದೊಂದು ಹೇಳ್ಲೇನ್ರಿ? ಕೂಸಿಗೆ ಹೆಸರಿಡೂ ನನಗ ನನ್ನ ಹೆಸರು ಉಳಿದಿಲ್ಲ. ಮದುವ್ಯಾಗ ತಾಟಿನ ತುಂಬ ಅಕ್ಕಿ ಹರವಿ, ಅವರು ಉಂಗುರದಿಂದ ಹೊಸಾ ಹೆಸರು ಬರದ್ರು. ಅಕ್ಷರ ಚಂದ ಬರಲಿಲ್ಲಂತ ಒಮ್ಮೆ ಕೈಯಿಂದ ಅಳಿಸಿ ಮತ್ತ ಬರದ್ರು. ಎಲ್ಲಾರೂ ಅಕ್ಷತಾ ಹಾಕಿದ್ರು. ನನ್ನ ಯಾರೂ ಕೇಳಲಿಲ್ಲ. ಹತ್ತನೆತ್ತಾ ಮಾರ್ಕ್ಸ್ ಕಾರ್ಡಿನ್ಯಾಗ ಒಂದು ಹೆಸರು, ರೇಶನ್ ಕಾರ್ಡಿನ್ಯಾಗ ಒಂದು. ಸಾಲ ಕೇಳಾಕ ಹ್ವಾದ್ರ ಇಬ್ಬರೂ ಒಬ್ಬಾಕಿನ ಅಂತ ಅಫಿಡವಿಟ್ ಮಾಡಿಸಿಕೊಂಡ ಬರ್ರಿ ಅಂದ್ರು. ತವರಮನಿಗೆ ಬಂದಾಗ ಅವ್ವ ಹಳೇ ಹೆಸರು ಹಿಡಿದು ಕೂಗಿದ್ರ, ಒಂದು ಗಳಿಗಿ ತಡದು ಓ ಅಂತೀನಿ.

ಕಾಕಾ: ಇದನ್ನ ನಿನ್ನ ಬಾಯಿಂದ ಕೇಳಬೇಕಾಗಿತ್ತವ್ವಾ. ಮರಾಠಿ, ಕನ್ನಡ ಎರಡೂ ಮನಿಯೊಳಗ ನಮ್ಮ ಗಡಿಭಾಗದಾಗ ಈ ಪದ್ಧತಿ ಇನ್ನೂ ಐತಿ. ಕಾಯ್ದೆ ಕೇಳೂದಿಲ್ಲ, ಶಾಸ್ತ್ರ ಕೇಳೂದಿಲ್ಲ, ಹಿರೇರು ಮಾಡ್ಯಾರಂತ ಮಾಡ್ತಾರ. ಖರಿತಿಯೊನ್ ಪರದೇಶದಾಗ ಸೆರಿ ಇದ್ಲು, ಭಾಷೆ ತಿಳೀದ ಮಂದಿ ನಡುವ ಇದ್ಲು; ಅವರೂ ಅಕಿ ಹೆಸರಿಗೆ ಕೈ ಹಚ್ಚಲಿಲ್ಲ. ನಾವು ಅಕ್ಷತಾ ಹಾಕಿ, ಊಟಾ ಹಾಕಿ, ಹೆಣ್ಣುಮಗಳ ಹೆಸರು ಅಳಸ್ತೀವಿ. ಗುಡಿ ಒಡವಿ ತಗೊಂಡಂಗ ಅದು. ನಮ್ಮದಲ್ಲದ ಸೊತ್ತು.

ಮಗಳು: ಹಂಗಾರ ಏನ ಮಾಡ್ಲಿ ಹೇಳ್ರಿ.

ಕಾಕಾ: ಕಿವ್ಯಾಗ ಎರಡೂ ಹೇಳು. ಕಾಗದದ ಮ್ಯಾಲ ಯಾವುದು ಅನ್ನೂದು ಹಡದವರ ಹಕ್ಕು, ಅವರಿಗೆ ಬಿಡು. ಅವಸರ ಇಲ್ಲ. ಜನನ ನೋಂದಣಿ 21 ದಿನದೊಳಗ ಆಗಬೇಕು, ಹೆಸರು ಸೇರಿಸಾಕ ಮಾತ್ರ ನೋಂದಣಿ ಆಗಿ 12 ತಿಂಗಳತನಕ ಶುಲ್ಕ ಇಲ್ಲದ ಅವಕಾಶ ಐತಿ. ಖರಿಸ್ ಅಂತ ಗಟ್ಟಿ ಮಾಡಿದ್ರ ಕನ್ನಡದಾಗ ಮಹಾಪ್ರಾಣ ಖ ಬರಸ್ರಿ, ಇಂಗ್ಲಿಷಿನ್ಯಾಗ ಕೆ, ಎಚ್ ಹಚ್ಚಿ ಬರಸ್ರಿ. ಸಿ ಹಚ್ಚಿದ್ರ ಜನ್ಮವೆಲ್ಲಾ ಚಾರಿಸ್ ಅನಿಸಿಕೊಂತ ತಿದ್ದಿಕೊಂತ ಕುಂದ್ರಬೇಕಾಗತೈತಿ. ಓದಾಕ ಬಂದ ಮ್ಯಾಲ ಒಡವಿ ಬ್ಯಾಡ ಅಂದ ಹುಡುಗಿ ಕತಿ ಅಕಿಗೆ ಹೇಳ್ರಿ, ಚಿಂಚಲಿಗೂ ಕರಕೊಂಡು ಹೋಗ್ರಿ. ಮುಂದ ಅಕಿ ಮದುವಿ ಮಾತು ಬಂದ್ರ, ಕೊಡೂದು ತಗೊಳ್ಳೂದು ಮಾತಾಡೂಕಿಂತ ಮೊದಲ ಗಂಡಿನ ಕಡೆಯವರಿಗೆ ತಿಳಿಸ್ರಿ: ಈ ಹುಡುಗಿಗೆ ಇಟ್ಟ ಹೆಸರು ಇಟ್ಟಂಗ ಇರತೈತಿ, ಅಕ್ಕಿ ತಾಟು ತರಬ್ಯಾಡ್ರಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಎಲ್ಲಾ ಬೀಗರಿಗೂ ಕೈ ಮುಗಿದು ನಾ ಕೇಳಿಕೊಳ್ಳೂದು ಇದ. ಮನಿಗೆ ಬರೂ ಸೊಸಿನ್ನ ಅಕಿ ತಂದಿತಾಯಿ ಇಟ್ಟ ಹೆಸರು ಹಿಡದ ಕರೀರಿ.